ಕಚ್ಕಂಡ ಡ್ರಮ್ಮು

ಅಕ್ಕತಂಗೀರಾ, ಹೋದ ಸಲ ರಾಗಿಗೆ ಹುಳ ಬೀಳದಂಗೆ ಇಡೋದು ಹೆಂಗೆ ಅಂತ ಬರ್ದಿದ್ದೆ. ಈ ಸಲ ಬರೀತಿರೋದು ಕಾರಿನ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮು ಕಚ್ಕಂಡ್ರೆ ಅದನ್ನ ಮನೇಲೇ ಬಿಚ್ಚೋದು ಹೆಂಗೆ ಅಂತ. "ಇದೇನವ್ವ ಇವ್ಳು, ಅಡಿಗೆ ಮನೆ ಬುಟ್ಟು ಗ್ಯಾರೇಜ್ ಸೇರ್ಕಂಡ್ಲು" ಅಂತ ನಗಬ್ಯಾಡಿ. ನಮ್ಮೂರಲ್ಲಿ ಒಂದು ಬೀದಿ ನಡ್ಕಂಡು ಹೋಗಿ ನೋಡಿ. ನಾಕು ಮನೆಗೊಂದು ಕಾರು ನಿಂತದೆ. ಓಡ್ಸೋ ಮಗ ಬೆಂಗಳೂರಲ್ಲೋ ಮೈಸೂರಲ್ಲೋ ಅವ್ನೆ, ಹಬ್ಬಕ್ಕೆ ಬತ್ತಾನೆ. ಕಾರು ಮಾತ್ರ ನಮ್ಮ ಜೊತೇಲಿ ಮಳೆ ಬಿಸಿಲು ನೋಡ್ಕಂಡು ಕುಂತಿರ್ತದೆ. ಅದಕ್ಕೇನಾದ್ರೂ ಆದ್ರೆ ಮೊದಲು ನೋಡೋರು ನಾವೇ. ಅದಕ್ಕೇ ನಾವೂ ಒಸಿ ತಿಳ್ಕಂಡಿರ್ಬೇಕು ಅಂತ ಬರೀತಾ ಇವ್ನಿ.

ನಮ್ಮನೇಲಿರೋದು ಹಳೇ ಓಮ್ನಿ. ಇದು 1984ರಲ್ಲಿ ಮೊದಲು ಬಂದಾಗ ಎಲ್ಲರೂ ಮಾರುತಿ ವ್ಯಾನ್ ಅಂತಿದ್ರು, 2019ಕ್ಕೆ ಮಾಡೋದೇ ನಿಲ್ಲಿಸ್ಬುಟ್ರು. ಮದುವೆಗೆ ಹತ್ತು ಜನ ತುಂಬ್ಕಂಡು ಹೋಗಿ, ಬರ್ತಾ ಬಾಳೆಗೊನೆ ಹಾಕ್ಕಂಡು ಬಂದ ಗಾಡಿ ನಮ್ದು. ನಮ್ಮೆಜಮಾನ್ರಿಗೆ ಎದೆ ಆಪರೇಷನ್ ಆದ ಮೇಲೆ ಭಾರ ಎತ್ತಂಗಿಲ್ಲ, ಬಗ್ಗಿ ಬಲ ಹಾಕಂಗಿಲ್ಲ ಅಂದವ್ರೆ. ಹಂಗಾಗಿ ಆಷಾಢದಲ್ಲಿ ಹಿತ್ಲ ಶೀಟಿನ ಕೆಳಗೆ ನಿಲ್ಸಿದ ಗಾಡಿ ದೀಪಾವಳಿವರೆಗೂ ಅಲ್ಲೇ ನಿಂತಿತ್ತು. ಇಳಿಜಾರು ಅಂತ ಹ್ಯಾಂಡ್ ಬ್ರೇಕು ಎಳೆದಿತ್ತು. ಇಳಿಜಾರಲ್ಲಿ ಎಲ್ಲರೂ ಮಾಡೋದು ಅದನ್ನೇ. ಮುಂಗಾರು, ಹಿಂಗಾರು ಎರಡೂ ಮಳೆ ಅದರ ಮೇಲೇ ಹೋಯ್ತು.

ನಮ್ಮತ್ತೆಗೆ ಕಣ್ಣಿನ ಪೊರೆ ಆಪರೇಷನ್ನಿಗೆ ಮೈಸೂರಲ್ಲಿ ದಿನ ಗೊತ್ತಾಗಿತ್ತು. ಎಂಬತ್ತು ದಾಟಿದ ಜೀವ, ಬಸ್ಸು ಹತ್ತಿ ಇಳಿಯೋದು ಕಷ್ಟ. ನಮ್ಮ ಭಾವನ ಮಗ ಬಂದು ಗಾಡಿ ಓಡಿಸ್ತೀನಿ ಅಂದಿದ್ದ. ಎರಡು ದಿನ ಮುಂಚೆ ಅವ್ನು ಬಂದು ಬ್ಯಾಟ್ರಿ ಚಾರ್ಜು ಮಾಡ್ಸಿ, ಸ್ಟಾರ್ಟ್ ಮಾಡಿ, ಹ್ಯಾಂಡ್ ಬ್ರೇಕು ಬುಟ್ಟು ಗೇರು ಹಾಕಿದ್ರೆ ಇಂಜಿನ್ನು ಗುರ್ ಅಂತದೆ, ಗಾಡಿ ಹಿಂದ್ಗಡೆ ಒಸಿ ತಗ್ಗಿ ಹಂಗೇ ನಿಂತ್ಕತದೆ. ಎಡಗಡೆ ಹಿಂದಿನ ಚಕ್ರ ಅಲ್ಲಾಡ್ಲೇ ಇಲ್ಲ.

ಇಂಥ ಹೊತ್ತಲ್ಲಿ ಬೀದಿಯೋರೆಲ್ಲ ಮೇಸ್ತ್ರಿಗಳೇ. "ಜೋರಾಗಿ ಆಕ್ಸಿಲೇಟ್ರು ಒತ್ತು, ಹಿಂದೆ ಮುಂದೆ ಆಡ್ಸು, ಠಪ್ ಅಂತ ಬುಟ್ಕತದೆ" ಅಂದ್ರು. ಬುಟ್ಕತದೆ, ಸುಳ್ಳಲ್ಲ. ಎಷ್ಟೋ ಗಾಡಿ ಹಂಗೇ ಬಿಟ್ಕಂಡವೆ. ಆದ್ರೆ ಬಿಟ್ಕಳೋವಾಗ ಒಳಗೆ ಏನು ಕಿತ್ಕಂಡು ಬಂತು ಅಂತ ನೋಡಿದೋರು ಯಾರು? ಬುಟ್ಕಂಡ ಕೂಡ್ಲೇ ಮೈಸೂರು ರೋಡು ಹತ್ಸೋದು, ಒಳಗೆ ವಯಸ್ಸಾದೋಳು ಕುಂತಿರ್ತಾಳೆ. ನಾನು ಬ್ಯಾಡ ಅಂದೆ. ಡ್ರಮ್ಮು ಬಿಚ್ಚಿ ನೋಡದಲೆ ಈ ಗಾಡಿ ಗೇಟು ದಾಟಂಗಿಲ್ಲ ಅಂದೆ. ಮೆಕ್ಯಾನಿಕ್ಕಿಗೆ ಫೋನ್ ಮಾಡಿದ್ರೆ ಕಟಾವಿನ ಕಾಲ, ಟ್ರ್ಯಾಕ್ಟರ್ ಕೆಲ್ಸ ತುಂಬಾ ಅದೆ, ನಾಕು ದಿನ ಆಯ್ತದೆ ಅಂದ. ಅಷ್ಟೊತ್ತಿಗೆ ಪಾಲಿಟೆಕ್ನಿಕ್ಕಲ್ಲಿ ಮೆಕ್ಯಾನಿಕಲ್ ಓದ್ತಿರೋ ನನ್ನ ತಂಗಿ ಮಗಳು ರಜಕ್ಕೆ ಬಂದಿದ್ಲು. "ದೊಡ್ಡಮ್ಮ, ನಾನು ಬಿಚ್ತೀನಿ, ನೀವು ಜೊತೇಲಿರಿ" ಅಂದ್ಲು.

ಬಿಚ್ಚೋಕೆ ಮುಂಚೆ ಅವ್ಳು ಒಂದು ಹಾಳೆ ಮೇಲೆ ಬರೆದು ತೋರ್ಸಿದ್ಲು. ನಮ್ಮ ಮಾತಲ್ಲಿ ಹೇಳ್ತೀನಿ ಕೇಳಿ. ಡ್ರಮ್ಮು ಅಂದ್ರೆ ಬೋರ್ಲಾಕಿದ ದಪ್ಪ ಬಾಂಡ್ಲಿ ಇದ್ದಂಗೆ, ಬೀಡು ಕಬ್ಬಿಣದ್ದು. ಚಕ್ರದ ಜೊತೆ ತಿರುಗ್ತದೆ. ಅದರೊಳಗೆ ತಿರುಗದಂಗೆ ಎರಡು ಶೂ ಕುಂತವೆ. ಶೂ ಅಂದ್ರೆ ಅರ್ಧಚಂದ್ರದಂಗೆ ಬಗ್ಗಿರೋ ಎರಡು ಕಬ್ಬಿಣದ ಪಟ್ಟಿ, ಹೊರಮೈಗೆ ಒರಟು ಲೈನಿಂಗ್ ಅಂಟಿಸಿರ್ತಾರೆ. ಬ್ರೇಕು ತುಳಿದ್ರೆ ಪೈಪಲ್ಲಿರೋ ಬ್ರೇಕ್ ಆಯಿಲ್ಲು ಒಂದು ಪುಟ್ಟ ಸಿಲಿಂಡ್ರನ್ನ ತಳ್ತದೆ, ಅದು ಎರಡು ಶೂನೂ ಹೊರಕ್ಕೆ ಅಗಲಿಸ್ತದೆ, ಶೂ ಹೋಗಿ ಬಾಂಡ್ಲಿ ಒಳಮೈಗೆ ಒತ್ಕತವೆ, ಚಕ್ರ ನಿಲ್ತದೆ. ಕಾಲು ತೆಗೆದ್ರೆ ಸ್ಪ್ರಿಂಗು ಅವನ್ನ ಒಳಕ್ಕೆ ಎಳ್ಕತದೆ. ಹ್ಯಾಂಡ್ ಬ್ರೇಕು ಎಳೆದ್ರೂ ಅದೇ ಕೆಲ್ಸ, ಆಯಿಲ್ ಬದಲು ತಂತಿ ಹಗ್ಗದಲ್ಲಿ. ಎಳೆದೇ ತಿಂಗಳುಗಟ್ಲೆ ಬುಟ್ರೆ, ಶೂ ಡ್ರಮ್ಮಿಗೆ ಒತ್ಕಂಡೇ ಇರ್ತದೆ, ನಡುವೆ ತೇವ ಸೇರ್ತದೆ, ತುಕ್ಕು ಹಿಡೀತದೆ. ತೊಳೆದ ಕಾವಲಿ ಒರೆಸದಲೆ ಒಂದರ ಮೇಲೊಂದು ಇಟ್ರೆ ಬೆಳಿಗ್ಗೆಗೆ ಅಂಟ್ಕಂಡಿರ್ತವಲ್ಲ, ಹಂಗೆ.

ಡ್ರಮ್ಮು ಬರ್ಲಿಲ್ಲ ಅಂದ್ರೆ ಅದನ್ನ ಹಿಡ್ಕಂಡಿರೋ ಜಾಗ ಮೂರು. ಇದನ್ನ ಮಾತ್ರ ನೆನಪಿಟ್ಕಳಿ. ಒಂದು, ಹಿಂಗೆ ಶೂ ಒಳಮೈಗೆ ಅಂಟಿರೋದು. ಎರಡು, ಡ್ರಮ್ಮಿನ ನಡುವಿನ ತೂತು ಚಕ್ರದ ಹಬ್ಬಿನ ಮೇಲೆ ಬಿಗಿಯಾಗಿ ಕುಂತಿರ್ತದೆ, ಅಲ್ಲಿ ತುಕ್ಕು ಹಿಡಿದಿರೋದು. ಮೂರು, ಶೂ ಉಜ್ಜಿ ಉಜ್ಜಿ ಡ್ರಮ್ಮಿನ ಒಳಮೈ ಸವೆದು, ಸವೆಯದೆ ಉಳಿದ ಬಾಯಂಚು ಏಣಿನಂಗೆ ಎದ್ದಿರ್ತದೆ. ಡ್ರಮ್ಮು ಈಚೆಗೆ ಬರೋವಾಗ ಆ ಏಣು ಶೂಗೆ ಸಿಕ್ಕಾಕ್ಕತದೆ. ಯಾವುದು ಹಿಡ್ಕಂಡದೆ ಅಂತ ತಿಳೀದೆ ಸುತ್ತಿಗೆ ತಕ್ಕಂಡ್ರೆ ಬೀಡು ಕಬ್ಬಿಣ ಬಿರುಕು ಬುಡ್ತದೆ. ಬೀಡು ಬಗ್ಗಲ್ಲ, ಒಡೀತದೆ. ಬೀಡಿನ ದೋಸೆ ಕಾವಲಿ ಕೈತಪ್ಪಿ ಬೀಳ್ಸಿದೋರಿಗೆ ಇದು ಗೊತ್ತು.

ಇನ್ನು ಕೆಲ್ಸಕ್ಕೆ ಬತ್ತೀನಿ. ಮೊದಲು ಗಾಡಿ ಸಮ ನೆಲಕ್ಕೆ ಬರ್ಬೇಕು. ನಮ್ಮದು ಹಿತ್ಲ ಇಳಿಜಾರಲ್ಲಿತ್ತು, ನಾಕು ಜನ ಸೇರಿ ಹಿಂದ್ಗಡೆ ಎತ್ತಿ ಎತ್ತಿ ಸರಿಸಿ ಸಿಮೆಂಟು ಕಣಕ್ಕೆ ತಂದ್ರು. ಹಿಂದಿನ ಚಕ್ರದ ಕೆಲ್ಸ ಆದ್ರಿಂದ ಹ್ಯಾಂಡ್ ಬ್ರೇಕು ಬಿಟ್ಟಿರ್ಬೇಕು, ಆಗ ಗಾಡಿನ ಹಿಡಿಯೋದು ಯಾವುದೂ ಇರಲ್ಲ. ಅದಕ್ಕೆ ಮುಂದಿನ ಎರಡು ಚಕ್ರಕ್ಕೂ ಹಿಂದೆ ಮುಂದೆ ಮರದ ಒತ್ತು ಕೊಟ್ವಿ. ಚಕ್ರದ ನಟ್ಟುಗಳನ್ನ ಚಕ್ರ ನೆಲದ ಮೇಲಿದ್ದಾಗ್ಲೇ ಒಂದು ಸುತ್ತು ಸಡ್ಲ ಮಾಡ್ಕಂಡು, ಆಮೇಲೆ ಜಾಕು ಏರಿಸಿದ್ವಿ. ಜಾಕಿನ ಮೇಲೇ ಗಾಡಿ ಬುಡಬಾರ್ದು. ಪಕ್ಕದ ಬೀದಿ ಟೈರ್ ಪಂಚರ್ ಅಂಗಡಿಯಿಂದ ಕಬ್ಬಿಣದ ಸ್ಟ್ಯಾಂಡು ಇಸ್ಕಂಡು ಬಂದು ಅದರ ಮೇಲೆ ಕೂರಿಸಿದ್ವಿ. ಸೈಜುಗಲ್ಲು, ಇಟ್ಟಿಗೆ, ಹಾಲೋಬ್ಲಾಕು ಇಡಬ್ಯಾಡಿ, ಅವು ಹೇಳದೆ ಕೇಳದೆ ಒಡೀತವೆ. ಗಾಡಿ ಸ್ಟ್ಯಾಂಡ್ ಮೇಲಿದ್ರೂ ಯಾರೂ ಕೆಳಗೆ ತೂರಂಗಿಲ್ಲ, ಐಕ್ಳನ್ನ ಅತ್ತ ಸುಳಿಯಕ್ಕೆ ಬುಡಂಗಿಲ್ಲ. ಚಕ್ರ ಬಿಚ್ಚಿದ್ಮೇಲೆ ಅದನ್ನ ಗಾಡಿ ಕೆಳಗೆ ಮಲಗಿಸಿ ಇಟ್ವಿ. ಸ್ಟ್ಯಾಂಡು ಜಾರಿದ್ರೂ ಗಾಡಿ ಪೂರ್ತಿ ನೆಲಕ್ಕೆ ಬೀಳದಂಗೆ ತಡೀತದೆ ಅಂತ.

ಬಲಗಡೆದು ಕಚ್ಕಂಡಿರ್ಲಿಲ್ಲ. ಅವ್ಳು ಅದನ್ನೇ ಮೊದ್ಲು ಬಿಚ್ಚಿದ್ಲು. "ಸರಿಯಿರೋದು ಹೆಂಗದೆ ಅಂತ ನೋಡ್ಕಂಡ್ರೆ ಕೆಟ್ಟಿರೋದು ಅರ್ಥ ಆಯ್ತದೆ" ಅಂದ್ಲು. ಫೋಟೋನೂ ತಕ್ಕಂಡ್ಲು, ಯಾವ ಸ್ಪ್ರಿಂಗು ಯಾವ ತೂತಿಗೆ ಅಂತ. ಕುಬುಸ ಹೊಲಿಯೋಕೆ ಅಳತೆ ಕುಬುಸ ಇಟ್ಕಳಲ್ವೇ ನಾವು? ಅದೇ ಲೆಕ್ಕ.

ಎಡಗಡೆಗೆ ಬಂದ್ವಿ. ಮೊದಲು ಹ್ಯಾಂಡ್ ಬ್ರೇಕಿನ ತಂತಿ ನಟ್ಟು ಪೂರ್ತಿ ಸಡ್ಲ ಮಾಡಿದ್ಲು. ಡ್ರಮ್ಮಿನ ಹಿಂದ್ಗಡೆ ಒಂದು ತಗಡಿನ ತಟ್ಟೆ ಅದೆ, ಅದರಲ್ಲಿ ರಬ್ಬರ್ ಬಿರಡೆ. ಬಿರಡೆ ಕಿತ್ತು ಟಾರ್ಚು ಬುಟ್ಟು ಸ್ಕ್ರೂಡ್ರೈವರ್ ತೂರ್ಸಿ ಒಳಗಿನ ಸ್ಪ್ರಿಂಗನ್ನ ತಳ್ಳಿದ್ರೆ ಹ್ಯಾಂಡ್ ಬ್ರೇಕಿನ ಸನ್ನೆ ಇನ್ನೊಸಿ ಹಿಂದಕ್ಕೆ ಸರೀತದೆ, ಶೂ ಒಳಕ್ಕೆ ಬತ್ತದೆ. ಕೆಲವು ಗಾಡೀಲಿ ಅಲ್ಲಿ ಪುಟ್ಟ ಹಲ್ಲುಚಕ್ರ ಇರ್ತದೆ, ಅದನ್ನ ತಿರುಗಿಸ್ಬೇಕು. ಅಂದ್ರೆ ಮೊದಲು ಮೂರನೇದನ್ನ, ಆ ಏಣಿನ ಕಾಟನ, ತಪ್ಪಿಸ್ಕಂಡ್ವಿ. ಆಮೇಲೆ ನಡುವಿನ ಹಬ್ಬಿನ ಸುತ್ತ ತುಕ್ಕು ಬುಡ್ಸೋ ಎಣ್ಣೆನ ಒಂದೊಂದೇ ತೊಟ್ಟು ಬಿಟ್ವಿ. ಸುರೀಬಾರ್ದು, ಎಣ್ಣೆ ಶೂ ಲೈನಿಂಗಿಗೆ ತಾಗಿದ್ರೆ ಬ್ರೇಕು ಹಿಡಿಯಲ್ಲ. ಒಂದು ರಾತ್ರಿ ಹಂಗೇ ಬುಟ್ವಿ.

ಬೆಳಿಗ್ಗೆ ಎದ್ದು ಬೋಲ್ಟುಗಳ ನಡುವಿನ ಜಾಗಕ್ಕೆ ಮರದ ತುಂಡು ಇಟ್ಟು ಅದರ ಮೇಲೆ ಸುತ್ತಿಗೇಲಿ ಸುತ್ತಲೂ ಹದವಾಗಿ ತಟ್ಟಿದ್ಲು. ಒಂದೇ ಕಡೆ ಗುದ್ದಂಗಿಲ್ಲ, ಬಾಯಂಚಿಗಂತೂ ಬಡಿಯಂಗೇ ಇಲ್ಲ. ತಟ್ಟೋ ಸದ್ದು ಮೊದಲು ಮಂಕಾಗಿತ್ತು, ಒಂದೈದು ನಿಮಿಷಕ್ಕೆ ಒಸಿ ಗಂಟೆ ಸದ್ದಿನಂಗೆ ಬಂತು. ಶೂ ಬುಟ್ಕಂಡದೆ ಅಂದ್ಲು. ಡ್ರಮ್ಮು ತಿರುಗ್ತು ಕಣ್ರೀ! ಆದ್ರೆ ಈಚೆಗೆ ಬರ್ಲಿಲ್ಲ. ಉಳಿದಿದ್ದು ಎರಡನೇದು, ಹಬ್ಬಿನ ತುಕ್ಕು.

ಇಲ್ಲಿ ನನಗೂ ಒಂದು ಮಾತಿತ್ತು. ಸ್ಟೀಲ್ ಲೋಟದೊಳಗೆ ಲೋಟ ಸಿಕ್ಕಂಡ್ರೆ ನಾವೇನ್ ಮಾಡ್ತೀವಿ? ಒಳಗಿನದಕ್ಕೆ ತಣ್ಣೀರು ಹಾಕಿ ಹೊರಗಿನದನ್ನ ಬಿಸಿನೀರಲ್ಲಿ ಇಡ್ತೀವಿ. ಹೊರಗಿನದು ಹಿಗ್ತದೆ, ಒಳಗಿನದು ಕುಗ್ತದೆ, ಬುಟ್ಕತದೆ. ಅದನ್ನೇ ಇಲ್ಲೂ ಮಾಡಿದ್ರೆ ಹೆಂಗೆ ಅಂದೆ. ನಮ್ಮತ್ತೆ ಜಗಲಿ ಮೇಲೆ ಕುಂತು ಎಲ್ಲ ಕೇಳಿಸ್ಕತಿದ್ರು. "ಗಾಡಿ ಚಕ್ರಕ್ಕೆ ಹಳಿ ಕಟ್ಟೋದು ಹಿಂಗೇ ಅಲ್ವೇನವ್ವ" ಅಂದ್ರು. ಚಿಕ್ಕೋರಿಗೆ ಗೊತ್ತಿರಲ್ಲ, ಹೇಳ್ತೀನಿ. ಎತ್ತಿನ ಗಾಡಿ ಮರದ ಚಕ್ರಕ್ಕೆ ಕಬ್ಬಿಣದ ಹಳಿ ಹಾಕೋವಾಗ ಆಚಾರ್ರು ಹಳಿನ ಚಕ್ರಕ್ಕಿಂತ ಒಸಿ ಚಿಕ್ಕದಾಗೇ ಮಾಡೋರು. ಬೆರಣಿ ಬೆಂಕೀಲಿ ಕೆಂಪಗೆ ಕಾಯ್ಸಿದ್ರೆ ಅದು ಹಿಗ್ಗಿ ಅಗಲ ಆಗೋದು. ಇಕ್ಕಳದಲ್ಲಿ ಹಿಡಿದು ಚಕ್ರದ ಮೇಲೆ ಕೂರ್ಸಿ ಬಿಂದಿಗೆ ಬಿಂದಿಗೆ ನೀರು ಹುಯ್ಯೋರು. ಕುಗ್ಗಿ ಚಕ್ರನ ಅಪ್ಕಂಡು ಕುಂತ್ಕಳೋದು. ಮೊಳೆ ಬೇಕಾಗ್ತಿರ್ಲಿಲ್ಲ. ಅದು ಕಚ್ಚಿಸೋಕೆ, ನಮಗೆ ಬೇಕಾಗಿದ್ದು ಬಿಡಿಸೋಕೆ. ಶಾಸ್ತ್ರ ಒಂದೇ.

ಬೆಂಕಿ ಮಾತ್ರ ಬ್ಯಾಡ ಅಂದ್ಲು ಹುಡುಗಿ. ಒಳಗೆ ರಬ್ಬರ್ ಅದೆ, ಬ್ರೇಕ್ ಆಯಿಲ್ ಅದೆ, ಈಗ ತಾನೇ ತುಕ್ಕಿನ ಎಣ್ಣೆ ಬಿಟ್ಟಿದೀವಿ, ಪೆಟ್ರೋಲ್ ಗಾಡಿ ಬೇರೆ. ಒಂದು ದಬರಿ ಕುದಿಯೋ ನೀರನ್ನ ಡ್ರಮ್ಮಿನ ನಡುವಿನ ಸುತ್ತ ನಿಧಾನಕ್ಕೆ ಹುಯ್ದ್ವಿ. ಡ್ರಮ್ಮಿನ ಮುಖದಲ್ಲಿ ಮರೆ ಕಟ್ಟಿದ ಎರಡು ತೂತು ಎದುರುಬದುರಾಗವೆ. ಅವು ಸುಮ್ನೆ ಇರೋ ತೂತಲ್ಲ, ಡ್ರಮ್ಮು ತಳ್ಳೋಕೆ ಅಂತಲೇ ಬುಟ್ಟಿರೋದು. ಎಂಟು ಎಂಎಂ ಬೋಲ್ಟು ಎರಡನ್ನ ಅದರೊಳಕ್ಕೆ ತಿರುಗಿಸ್ತಾ ಹೋದ್ರೆ, ಬೋಲ್ಟಿನ ತುದಿ ಹಿಂದಿನ ಹಬ್ಬಿಗೆ ಒತ್ಕಂಡು ಡ್ರಮ್ಮನ್ನ ತಾನೇ ಈಚೆಗೆ ನೂಕ್ತದೆ. ಆ ಕಡೆ ಅರ್ಧ ಸುತ್ತು, ಈ ಕಡೆ ಅರ್ಧ ಸುತ್ತು. ಒಂದನ್ನೇ ಬಿಗಿದ್ರೆ ಡ್ರಮ್ಮು ಓರೆಯಾಗಿ ಇನ್ನೂ ಕಚ್ಕತದೆ. ನಾನು ಒಂದು ಬದಿ, ಅವ್ಳು ಒಂದು ಬದಿ. ನಾಕನೇ ಸಲಕ್ಕೆ ಕಿರ್ರ್ ಅಂತು, ಆರನೇದಕ್ಕೆ ಕೈಗೇ ಬಂತು.

ಒಂದು ಎಚ್ಚರಿಕೆ. ಎಲ್ಲ ಗಾಡಿನೂ ಹಿಂಗಿರಲ್ಲ. ಮಾರುತಿ 800, ಆಲ್ಟೊ ಥರದವಕ್ಕೆ ನಡುವೆ ಒಂದು ಮುಚ್ಚಳ, ಅದರ ಕೆಳಗೆ ಒಂದು ದೊಡ್ಡ ನಟ್ಟು ಇರ್ತದೆ. ಬೇರಿಂಗು ಡ್ರಮ್ಮಿನೊಳಗೇ ಕುಂತಿರ್ತದೆ. ಆ ನಟ್ಟು ಬಿಚ್ಚದಲೆ ನೀವು ಮೂರು ದಿನ ತಟ್ಟಿದ್ರೂ ಬರಲ್ಲ, ಬಿಚ್ಚಿದ್ರೆ ಅಳತೆ ಬಿಗಿಯಲ್ಲಿ ವಾಪಸ್ಸು ಹಾಕ್ಬೇಕು. ಅದು ಗೊತ್ತಿರೋರ ಕೈಯಲ್ಲೇ ಆಗ್ಲಿ.

ಡ್ರಮ್ಮು ಬಂದ ಕೂಡ್ಲೇ ಊದಿ ಧೂಳು ಹಾರಿಸ್ಬ್ಯಾಡಿ. ಪೊರಕೆನೂ ಬ್ಯಾಡ. ಹಳೇ ಬ್ರೇಕ್ ಲೈನಿಂಗಲ್ಲಿ ಕಲ್ನಾರು ಇರ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಹೋದ್ರೆ ವರ್ಷಗಳಾದ ಮೇಲೆ ಕಾಯಿಲೆ ತರ್ತದೆ. ನಾವು ಮೂಗಿಗೆ ಮಾಸ್ಕು ಕಟ್ಕಂಡು, ಒದ್ದೆ ಬಟ್ಟೇಲಿ ಒರೆಸಿ, ಆ ಬಟ್ಟೆನ ಕವರಲ್ಲಿ ಗಂಟು ಕಟ್ಟಿ ಎಸೆದ್ವಿ. ತೊಳೆದು ಮತ್ತೆ ನೆಲ ಒರೆಸೋಕೆ ಇಟ್ಕಳೋ ಬುದ್ಧಿ ಬ್ಯಾಡ.

ಒಳಗೆ ನೋಡಿದ್ರೆ ನನ್ನ ಎದೆ ಝಲ್ ಅಂತು. ಒಂದು ಶೂನ ಲೈನಿಂಗ್ ಮೂಲೆಯಿಂದ ಎದ್ದು, ಬೆರಳಲ್ಲಿ ಎಳೆದ್ರೆ ಪಟ್ಟಿಯಿಂದ ಕಿತ್ಕಂಡು ಬರೋ ಹಂಗಿತ್ತು. ಜೋರಾಗಿ ಗಾಡಿ ನುಗ್ಗಿಸಿದ್ರೆ ಅದು ಪೂರ್ತಿ ಬಂದು ಡ್ರಮ್ಮೊಳಗೆ ಸಿಕ್ಕಾಕ್ಕತಿತ್ತು, ಓಡೋ ಗಾಡೀಲಿ ಚಕ್ರ ಇದ್ದಕ್ಕಿದ್ದಂಗೆ ಹಿಡ್ಕತಿತ್ತು. ಅದೂ ಸಾಲದು ಅಂತ ಆ ಪುಟ್ಟ ಸಿಲಿಂಡ್ರಿನ ರಬ್ಬರ್ ಟೋಪಿ ಎತ್ತಿದ್ರೆ ಒಳಗೆ ಒದ್ದೆ. ಬ್ರೇಕ್ ಆಯಿಲ್ ಜಿನುಗ್ತಾ ಇತ್ತು. ಜಿನುಗಿ ಜಿನುಗಿ ಖಾಲಿಯಾದ್ರೆ ಕಾಲು ತುಳಿದ್ರೂ ಪೆಡಲ್ಲು ಸೀದಾ ಕೆಳಗೆ ಹೋಗ್ತದೆ.

ನಾಳೆ ಬೆಳಿಗ್ಗೆ ಹೊರಡ್ಬೇಕು. ಮನೇಲಿ ಗಂಡಸ್ರು "ಇದೊಂದು ಸಲ ನಿಧಾನಕ್ಕೆ ಹೋಗಿ ಬಂದ್ಬುಡಾಣ, ಮುಂದಿನ ಚಕ್ರದ ಬ್ರೇಕು ಸರಿಯಾಗೇ ಅದಲ್ಲ" ಅಂದ್ರು. ಭಾವನ ಮಗನೂ ಹೂಂ ಅಂದ. ನಮ್ಮೆಜಮಾನ್ರು ಮಾತ್ರ ಆ ಶೂ ಕೈಗೆ ತಕ್ಕಂಡು ತಿರುಗ್ಸಿ ನೋಡಿ ಸುಮ್ನೆ ಒಳಗೆ ಹೋದ್ರು. ಬಾಡಿಗೆ ಕಾರಿನೋರಿಗೆ ಫೋನ್ ಮಾಡ್ತಿದ್ದಿದ್ದು ಆಮೇಲೆ ಗೊತ್ತಾಯ್ತು. ನಾನೇನೂ ಮಾತಾಡೋ ಹಂಗೇ ಇರ್ಲಿಲ್ಲ. ಅತ್ತೆ ಬಾಡಿಗೆ ಕಾರಲ್ಲಿ ಹೋದ್ರು, ಆಪರೇಷನ್ ಆಯ್ತು, ಕರೀ ಕನ್ನಡಕ ಹಾಕ್ಕಂಡು ಬಂದ್ರು. ಈಗ ದೇವಸ್ಥಾನದ ಗೋಡೆ ಮೇಲಿನ ರಾಮಾಯಣದ ಸಾಲು ಕಾಣ್ತದೆ ಅಂತಾರೆ.

ಗಾಡಿ ಕೆಲ್ಸ ಆಮೇಲೆ ಸಾವಕಾಶವಾಗಿ ಆಯ್ತು. ಶೂನ ಒಂದೇ ಕಡೆಗೆ ಹೊಸದು ಹಾಕಂಗಿಲ್ಲ, ಎರಡು ಚಕ್ರಕ್ಕೂ ಒಟ್ಟಿಗೆ ಹಾಕ್ಬೇಕು. ಇಲ್ದಿದ್ರೆ ಒಂದು ಕಡೆ ಜಾಸ್ತಿ ಹಿಡಿದು ಗಾಡಿ ಎಳೀತದೆ. ಸಿಲಿಂಡ್ರು ಬದಲಾಯಿಸೋದು, ಪೈಪಿನ ಗಾಳಿ ತೆಗೆಯೋದು ನಾವು ಮುಟ್ಲಿಲ್ಲ. ಮೆಕ್ಯಾನಿಕ್ಕು ಬಂದೇ ಮಾಡ್ದ. ಬಿಚ್ಚಿ ನೋಡೋದು ಮನೆಯೋರ ಕೆಲ್ಸ ಆಗ್ಬೋದು, ಬ್ರೇಕು ಕಟ್ಟಿ ಇದು ಓಡ್ಲಿ ಅಂತ ಹೇಳೋದು ಕಲಿತೋರ ಕೆಲ್ಸ. ಡ್ರಮ್ಮನ್ನ ಪೇಟೆಗೆ ತಕ್ಕಂಡು ಹೋಗಿ ಲೇತಲ್ಲಿ ಕೂರ್ಸಿ ಒಳಗಿನ ಏಣು ತೆಗೆಸಿದ್ವಿ. ಎಷ್ಟು ಬೇಕೋ ಅಷ್ಟು ಹೆರೆಯಂಗಿಲ್ಲ, ಒಳ ಅಳತೆ ಇಷ್ಟರ ಮೇಲೆ ಹೋಗಬಾರ್ದು ಅಂತ ಕಂಪ್ನಿಯೋರ ಲೆಕ್ಕ ಇರ್ತದೆ. ಅದನ್ನ ಮೀರಿದ್ರೆ ಡ್ರಮ್ಮು ತೆಳ್ಳಗಾಯ್ತದೆ, ಹೊಸದೇ ಗತಿ. ನಮ್ಮದು ಒಳಗಿತ್ತು.

ಲೇತು ತಿರುಗೋದು ನೋಡ್ತಾ ನಮ್ಮೂರ ಲಕ್ಷ್ಮೀನಾರಾಯಣ ದೇವಸ್ಥಾನದ ಕಂಬ ನೆನಪಾಯ್ತು. 1250ರ ಸುಮಾರಿಗೆ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು. ಬಳಪದ ಕಲ್ಲನ್ನ ತಿರುಗಣೆಗೆ ಹಾಕಿ ಕಡೆದಿರೋ ಆ ಕಂಬಗಳನ್ನ ನಾವು ಚಿಕ್ಕೋರಿದ್ದಾಗ ಬಳೆ ಬಳೆ ಅಂತ ಸವರ್ತಿದ್ವಿ. ತಿರುಗಿಸಿ ಹದವಾಗಿ ಹೆರೆಯೋ ಕೆಲ್ಸ ನಮ್ಮೂರಿಗೆ ಹೊಸದೇನಲ್ಲ ಅಂತ ತಂಗಿ ಮಗಳಿಗೆ ಹೇಳ್ದೆ. ಅವ್ಳು ನಕ್ಕು, "ಆ ಕಂಬಕ್ಕೆ ತುಕ್ಕು ಹಿಡಿಯಲ್ಲ ದೊಡ್ಡಮ್ಮ" ಅಂದ್ಲು.

ಈಗ ಮನೇಲಿ ನಿಂತಿರೋ ಗಾಡಿಗೆ ನೀವು ಮಾಡ್ಬೇಕಾದ್ದು. ಹದಿನೈದು ದಿನದ ಮೇಲೆ ನಿಲ್ಸೋ ಹಂಗಿದ್ರೆ ಸಮ ನೆಲದಲ್ಲಿ ನಿಲ್ಸಿ, ಗೇರಲ್ಲಿ ಬುಟ್ಟು, ಎರಡು ಚಕ್ರಕ್ಕೆ ಮರದ ಒತ್ತು ಕೊಟ್ಟು, ಹ್ಯಾಂಡ್ ಬ್ರೇಕು ಬುಟ್ಬುಡಿ. ಗಾಡಿ ತೊಳೆದ ಕೂಡ್ಲೇ ನಿಲ್ಸಬ್ಯಾಡಿ, ಬೀದಿ ಕೊನೆವರೆಗೂ ಓಡ್ಸಿ ನಾಕು ಸಲ ಬ್ರೇಕು ಹಿಡಿದ್ರೆ ಒಳಗೆ ಒಣಗ್ತದೆ. ವಾರಕ್ಕೊಂದು ಸಲ ಯಾರ ಕೈಲಾದ್ರೂ ಹತ್ತು ಮಾರು ಹಿಂದೆ ಮುಂದೆ ಆಡ್ಸಿ. ಒಳ ಚಕ್ರದ ಮೈಮೇಲೆ ಎಣ್ಣೆ ಇಳಿದ ಗುರುತು ಕಂಡ್ರೆ, ಬ್ರೇಕ್ ಆಯಿಲ್ ಡಬ್ಬೀಲಿ ಮಟ್ಟ ಇಳಿದ್ರೆ, ಓಡ್ಸಿ ಬಂದ ಮೇಲೆ ಒಂದೇ ಚಕ್ರ ಸುಡೋ ಹಂಗೆ ಬಿಸಿ ಆಗಿದ್ರೆ, ಆ ಗಾಡಿ ಹತ್ತಬ್ಯಾಡಿ, ಐಕ್ಳನ್ನ ಹತ್ತಿಸ್ಬ್ಯಾಡಿ. ಬಿಸಿ ನೋಡೋಕೆ ಕೈ ಮುಟ್ಟಿಸ್ಬ್ಯಾಡಿ, ಹತ್ರ ಹಿಡಿದ್ರೇ ಗೊತ್ತಾಯ್ತದೆ.

ಇದನ್ನ ಓದಿ ಯಾರಾದ್ರೂ ಇವತ್ತು ಬೈಗಿಗೆ ಹಿತ್ಲಿಗೆ ಹೋಗಿ ನಿಮ್ಮ ಕಾರಿನ ಹ್ಯಾಂಡ್ ಬ್ರೇಕು ಎಳೆದದೋ ಬಿಟ್ಟದೋ ನೋಡಿದ್ರೆ ನಂಗೆ ಸಾಕು. ಒತ್ತು ಕೊಡದಲೆ ಮಾತ್ರ ಬುಡಬ್ಯಾಡಿ, ಗಾಡಿ ಹೋಗಿ ಹಸುಗಳ ಕೊಟ್ಟಿಗೆಗೆ ಗುದ್ದಿದ್ರೆ ನನ್ನ ಹೆಸರು ಹೇಳ್ಬುಡ್ತೀರಾ. ಬರೋ ವಾರ ಅವರೆಕಾಳಿನ ಕಾಲ, ಹಿತಕಿದ ಬೇಳೆ ಬಗ್ಗೆ ಬರೀತೀನಿ.